ಕವಡೆಯ ಬಿಳಿ ಪುಡಿಗೆ ವಿನೆಗರ್ ಮದ್ದಲ್ಲ

ಅಕ್ಕಾ, ವಿನೆಗರ್ ಬಾಟಲಿಯನ್ನು ಮೊದಲು ಅಡುಗೆಮನೆಗೆ ಹಿಂತಿರುಗಿಸಿ. ಮುರುಡೇಶ್ವರದಿಂದ ತಂದ ಟೈಗರ್ ಕವಡೆಯ ಮೇಲೆ ಬಿಳಿ ಪುಡಿ ಏಳುತ್ತಿದೆ, ಒರೆಸಿದರೂ ಮತ್ತೆ ಬರುತ್ತದೆ, ನೆನೆಹಾಕಲೇ ಎಂದು ಕೇಳಿದ್ದೀರಿ. ಚಿಪ್ಪೆಂದರೆ ಸುಣ್ಣ, ಹುಳಿ ತಾಗಿದರೆ ಕರಗುತ್ತದೆ. ಪುಡಿಯ ಜೊತೆ ಹೊಳಪೂ ಹೋಗುತ್ತದೆ. ನಿಮಗೆ ಯಾರೋ ಸೂಚಿಸಿದ ಹುಣಸೆಹಣ್ಣೂ ಬೇಡ. ಹಿತ್ತಾಳೆ ತಂಬಿಗೆಗೆ ಆಗಿಬರುವುದು ಕವಡೆಗೆ ಆಗದು.

ಆ ಹೊಳಪು ಅಂಗಡಿಯ ಪಾಲಿಶ್ ಅಲ್ಲ. ಕವಡೆಯೆಂದರೆ ಕಡಲ ಬಸವನಹುಳುವಿನ ಚಿಪ್ಪು; ಬದುಕಿರುವಾಗ ಆ ಹುಳು ತನ್ನ ಮೈಯ ಮಡಿಕೆಯನ್ನು ಎರಡೂ ಬದಿಯಿಂದ ಚಿಪ್ಪಿನ ಮೇಲೆ ಹೊದ್ದುಕೊಂಡಿರುತ್ತದೆ. ಹೊರಪದರ ಕಟ್ಟುವುದೂ ಚುಕ್ಕೆ ಇಡುವುದೂ ಅದೇ ಮಡಿಕೆ. (1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನಿಯಸ್ ಇದಕ್ಕೆ ಹುಲಿಯ ಹೆಸರು ಕೊಟ್ಟ; ಮೈತುಂಬ ಇರುವುದು ಮಾತ್ರ ಚಿರತೆಯ ಚುಕ್ಕೆ!) ಹುಳು ಹೋದ ಮೇಲೆ ರಿಪೇರಿ ಮಾಡುವವರಿಲ್ಲ.

ಪುಡಿಯ ಮೂಲ ನಿಮ್ಮ ಫೋಟೋದಲ್ಲೇ ಇದೆ: ಗಾಜಿನ ಬಾಗಿಲಿನ ಪ್ಲೈವುಡ್ ಶೋಕೇಸ್, ಕವಡೆಯ ಕೆಳಗೆ ರಟ್ಟು. ಮರ, ಪ್ಲೈವುಡ್, ರಟ್ಟು ಇವೆಲ್ಲ ಅಸಿಟಿಕ್ ಆಮ್ಲದ ಆವಿ ಬಿಡುತ್ತವೆ, ಅಂದರೆ ವಿನೆಗರ್‌ನಲ್ಲಿರುವ ಹುಳಿಯನ್ನೇ. ಮುಚ್ಚಿದ ಜಾಗದಲ್ಲಿ ತೇವವೂ ಸೇರಿದರೆ ಅದು ಚಿಪ್ಪಿನ ಸುಣ್ಣದೊಡನೆ ಕೂಡಿ ಬಿಳಿ ಉಪ್ಪಾಗುತ್ತದೆ. ಸಂಗ್ರಾಹಕರು ಇದನ್ನು ಬೈನ್ ಕಾಯಿಲೆ ಎನ್ನುತ್ತಾರೆ. ಹೆಸರಿಗಷ್ಟೇ ಕಾಯಿಲೆ, ರೋಗಾಣು ಏನೂ ಇಲ್ಲ.

ಚಿತ್ರದುರ್ಗದ ನಮ್ಮ ಮನೆಯಲ್ಲಿ ನಾನೇ ಆಸೆಪಟ್ಟು ಮಾಡಿಸಿದ ಶೋಕೇಸಿನಲ್ಲಿ ಎರಡು ಮಳೆಗಾಲಕ್ಕೆ ಮೂರು ಕವಡೆ ಕೆಟ್ಟವು. ಅಜ್ಜಿಯ ಚೌಕಾಬಾರದ ಕವಡೆಗಳು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿಕೊಂಡು ಗೋಡೆಯ ಗೂಡಿನಲ್ಲಿದ್ದವು. ಕೈ ತಾಗಿ ತಾಗಿ ಬೆನ್ನು ಸವೆದಿದೆ, ಪುಡಿಯ ಸುಳಿವೇ ಇಲ್ಲ.

ಈಗ ಹೀಗೆ ಮಾಡಿ. ಆರ್‌ಒ ಫಿಲ್ಟರ್ ನೀರಿನಲ್ಲಿ ಒಂದು ದಿನ ನೆನೆಹಾಕಿ, ನಡುವೆ ಎರಡು ಸಲ ನೀರು ಬದಲಿಸಿ. ನಮ್ಮ ಕಡೆಯ ಬೋರ್‌ವೆಲ್ ನೀರು ಬೇಡ. ಒಣಗಿದ ಮೇಲೆ ಅದರದ್ದೇ ಬಿಳಿ ಕಲೆ ಕೂರುತ್ತದೆ, ಆಮೇಲೆ ಯಾವುದು ಯಾವುದೆಂದು ತಿಳಿಯದು. ಕವಡೆಯ ಬಾಯಿಯಲ್ಲಿರುವ ಹಲ್ಲುಗಳಂಥ ಏಣುಗಳ ಸಂದನ್ನು ಮೆತ್ತನೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಬಾಯಿ ಕೆಳಗಾಗಿ ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಲಿ, ಒಳಸುರುಳಿಯಲ್ಲಿ ನೀರು ಸುಲಭಕ್ಕೆ ಆರುವುದಿಲ್ಲ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಕೊನೆಗೆ ಹತ್ತಿಯಲ್ಲಿ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ (ಖನಿಜ ಎಣ್ಣೆ) ಸವರಿ ಒರೆಸಿ. ಕೊಬ್ಬರಿ ಎಣ್ಣೆ ಜಿಡ್ಡುಗಟ್ಟಿ ಮುಗ್ಗಲು ಹಿಡಿಯುತ್ತದೆ. ಇಡುವುದಕ್ಕೆ ಹತ್ತಿಬಟ್ಟೆ ಹಾಸಿದ ಸ್ಟೀಲ್ ಡಬ್ಬಿ ಸಾಕು. ಕಣ್ಣೆದುರೇ ಇರಬೇಕೆಂದರೆ ಗಾಜಿನ ತಟ್ಟೆಯಲ್ಲಿ, ಗಾಳಿಯಾಡುವಲ್ಲಿ ಇಡಿ.

ಈಗಾಗಲೇ ಗುಳಿ ಬಿದ್ದಿದ್ದರೆ ತುಂಬುವುದಿಲ್ಲ. ಆ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿ ಇಡಿ, ನನ್ನ ಮೂರೂ ಹಾಗೆಯೇ ಕೂತಿವೆ.