ಹಗುರ ಟ್ಯಾಂಕ್ ಏಕೆ ಬೇಕು, ಎಲ್ಲಿ ಬೇಕು

ಮಾನ್ಯರೇ,

ಲಡಾಖಿನಂಥ ಎತ್ತರದ ಗಡಿಗಾಗಿ ದೇಶದಲ್ಲೇ ರೂಪಿಸುತ್ತಿರುವ ಜೋರಾವರ್ ಹಗುರ ಟ್ಯಾಂಕ್ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ಸೋಮವಾರಪೇಟೆಯಿಂದ ನೀವು ಬರೆದ ಪತ್ರ ತಲುಪಿದೆ. ಅಗ್ಗದ ಡ್ರೋನುಗಳು ಭಾರಿ ಟ್ಯಾಂಕುಗಳನ್ನೇ ಸುಟ್ಟುಹಾಕುತ್ತಿರುವಾಗ ತೆಳು ಕವಚದ ಹೊಸ ಟ್ಯಾಂಕಿಗೆ ಹಣ ಸುರಿಯುವುದು ಸರಿಯೇ, ಈಗಾಗಲೇ ಇರುವ ಟಿ-72 ಮತ್ತು ಟಿ-90 ಭಾರಿ ಟ್ಯಾಂಕುಗಳೇ ಲಡಾಖಿಗೆ ಸಾಲವೇ, ಅದರೊಳಗೆ ಕೂರುವ ಮೂವರು ಯೋಧರ ಜೀವಕ್ಕೆ ಹೊಣೆ ಯಾರು ಎಂದು ಕೇಳಿದ್ದೀರಿ. ನಿಮ್ಮ ಕುಟುಂಬದ ಹುಡುಗನೊಬ್ಬ ಟ್ಯಾಂಕ್ ದಳದಲ್ಲಿದ್ದಾನೆಂದೂ ತಿಳಿಸಿದ್ದೀರಿ. ಆದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ಭಾರಿ ಟ್ಯಾಂಕುಗಳು ಲಡಾಖಿನ ಎತ್ತರವನ್ನು ಏರಲಾರವು ಎಂಬ ಮಾತು ನಿಜವಲ್ಲ. 2020ರ ಆಗಸ್ಟ್ ಕೊನೆಯಲ್ಲಿ ಪೂರ್ವ ಲಡಾಖಿನ ಕೈಲಾಸ ಶ್ರೇಣಿಯ ಶಿಖರಗಳನ್ನು ನಮ್ಮ ಸೇನೆ ವಶಪಡಿಸಿಕೊಂಡಾಗ ರೆಚಿನ್ ಲಾ ಕಣಿವೆದಾರಿಯವರೆಗೆ ನಮ್ಮ ಟ್ಯಾಂಕುಗಳು ಏರಿದ್ದವು. ಆ ಶ್ರೇಯಸ್ಸು ಚಾಲಕರಿಗೂ ದುರಸ್ತಿ ದಳದವರಿಗೂ ಸಲ್ಲಬೇಕು. ಆದರೆ 4,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟೂ ಇರುವುದಿಲ್ಲ. ಎಂಜಿನ್ನಿಗೆ ಉಸಿರು ಸಾಲದೆ ಶಕ್ತಿ ಕುಗ್ಗುತ್ತದೆ, ಚಳಿಗೆ ಬ್ಯಾಟರಿ ಸೋಲುತ್ತದೆ, ಸಾಮಾನ್ಯ ಡೀಸೆಲ್ ಹೆಪ್ಪುಗಟ್ಟುತ್ತದೆ. 41 ಟನ್ ತೂಕದ ಟಿ-72ಗೆ 780 ಅಶ್ವಶಕ್ತಿಯ ಎಂಜಿನ್ ಇದೆ, ಎಂದರೆ ಟನ್ನಿಗೆ 19. ಸುಮಾರು 25 ಟನ್ನಿನ ಜೋರಾವರ್‌ಗೆ 750ಕ್ಕೂ ಹೆಚ್ಚು ಅಶ್ವಶಕ್ತಿ, ಎಂದರೆ ಟನ್ನಿಗೆ 30ರಷ್ಟು. ಎಂಜಿನ್ ಎತ್ತರದಲ್ಲಿ ಒಂದು ಪಾಲು ಶಕ್ತಿ ಕಳೆದುಕೊಂಡ ಮೇಲೂ ಟ್ಯಾಂಕ್ ಚುರುಕಾಗಿ ಜಾಗ ಬದಲಿಸಬಲ್ಲದೇ ಇಲ್ಲವೇ ಎಂಬುದು ಈ ಅಂತರದಿಂದಲೇ ತೀರ್ಮಾನವಾಗುತ್ತದೆ.

ತೋಪಿನ ಮಾತೂ ಇದೆ. ಟಿ-72ರ ತೋಪನ್ನು ಸುಮಾರು 14 ಡಿಗ್ರಿಯಷ್ಟು ಮಾತ್ರ ಮೇಲಕ್ಕೆತ್ತಬಹುದು. ಬಯಲಿನಲ್ಲಿ ಅದು ಕೊರತೆಯಲ್ಲ. ಕಣಿವೆಯ ತಳದಿಂದ ಎದುರಿನ ಗುಡ್ಡದ ನೆತ್ತಿಗೆ ಗುರಿಯಿಡಬೇಕಾದವನಿಗೆ ಮಾತ್ರ ಅದು ಕಷ್ಟ ತರುತ್ತದೆ. ಜೋರಾವರ್‌ನ ಬೆಲ್ಜಿಯಂ ನಿರ್ಮಿತ ತಿರುಗುಗೋಪುರದಲ್ಲಿರುವ 105 ಮಿ.ಮೀ. ತೋಪು 40 ಡಿಗ್ರಿಗೂ ಹೆಚ್ಚು ಏರುತ್ತದೆ. ಎದುರು ಪಾಳೆಯದ ಚೀನಾ ತನ್ನ ಟೈಪ್-15 ಹಗುರ ಟ್ಯಾಂಕನ್ನು ಟಿಬೆಟಿನ ಎತ್ತರವನ್ನೇ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿ ನಮಗಿಂತ ಮೊದಲೇ ಸೇನೆಗೆ ಸೇರಿಸಿದೆ. ಈ ವಿಷಯದಲ್ಲಿ ನಾವು ತಡಮಾಡಿದೆವೆಂಬುದನ್ನು ಒಪ್ಪಲೇಬೇಕು, ಏಕೆಂದರೆ ಪಾಠ ನಮ್ಮ ಮುಂದೆ ಬಹಳ ಹಿಂದೆಯೇ ಇತ್ತು. ನಿಮ್ಮ ಜಿಲ್ಲೆಯವರೇ ಆದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು 1948ರ ನವೆಂಬರ್ 1ರಂದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಹಗುರ ಟ್ಯಾಂಕುಗಳನ್ನು 11,000 ಅಡಿಗೂ ಎತ್ತರದ ಜೋಜಿ ಲಾ ಕಣಿವೆದಾರಿಗೆ ಹತ್ತಿಸಿ, ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ಇದ್ದು, ಲೇಹ್‌ನತ್ತ ದಾರಿ ತೆರೆದರು. 1962ರಲ್ಲಿ ಲಡಾಖಿನ ಚುಶೂಲ್‌ಗೆ ವಿಮಾನದಲ್ಲಿ ಹೋದದ್ದೂ 20 ಲ್ಯಾನ್ಸರ್ಸ್ ಎಂಬ ಟ್ಯಾಂಕ್ ರೆಜಿಮೆಂಟಿನ ಎಎಂಎಕ್ಸ್-13 ಹಗುರ ಟ್ಯಾಂಕುಗಳೇ.

ಇನ್ನು ಯೋಧರ ಜೀವದ ಪ್ರಶ್ನೆ. 25 ಟನ್ನಿನ ಕವಚ ದೊಡ್ಡ ಟ್ಯಾಂಕಿನ ಗುಂಡನ್ನು ನೇರವಾಗಿ ತಾಳಲಾರದು, ಇದನ್ನು ಯಾವ ತಂತ್ರಜ್ಞಾನವೂ ಪೂರ್ತಿ ಮರೆಮಾಚಲಾರದು. 1965ರ ಸೆಪ್ಟೆಂಬರ್ 1ರಂದು ಜಮ್ಮು ಭಾಗದ ಛಂಬಿನಲ್ಲಿ ಅದೇ 20 ಲ್ಯಾನ್ಸರ್ಸ್‌ನ ಎಎಂಎಕ್ಸ್-13ಗಳು ಪಾಕಿಸ್ತಾನದ ದೊಡ್ಡ ಪ್ಯಾಟನ್ ಟ್ಯಾಂಕುಗಳಿಗೆ ಎದುರಾಗಿ ನಿಲ್ಲಬೇಕಾಯಿತು. ಅವರು ಧೈರ್ಯದಿಂದ ಕಾದಾಡಿದರು, ಆದರೆ ಅದು ಹಗುರ ಟ್ಯಾಂಕಿನ ಕೆಲಸವಲ್ಲ. ಡ್ರೋನಿನ ಮಾತು ಬೇರೆ. ಭಾರಿ ಟ್ಯಾಂಕಿನ ನೆತ್ತಿಯ ಕವಚವೂ ಮುಂಭಾಗದಷ್ಟು ದಪ್ಪವಿಲ್ಲದ ಕಾರಣ ಮೇಲಿಂದ ಬೀಳುವ ಸ್ಫೋಟಕಕ್ಕೆ ಎರಡೂ ಅಂಜಬೇಕು. ಅದಕ್ಕೆ ಪರಿಹಾರ ಇನ್ನಷ್ಟು ಉಕ್ಕನ್ನು ಹೇರುವುದಲ್ಲ. ಸಂಕೇತ ಕೆಡಿಸುವ ಜಾಮರುಗಳು, ಬರುವ ಕ್ಷಿಪಣಿಯನ್ನು ದಾರಿಯಲ್ಲೇ ಹೊಡೆಯುವ ವ್ಯವಸ್ಥೆ, ಮರೆಯಲ್ಲಿ ಚದುರಿ ನಿಲ್ಲುವ ಶಿಸ್ತು. ಇವಿಲ್ಲದೆ ಜೋರಾವರನ್ನು ಗಡಿಗೆ ಕಳಿಸುವುದಾದರೆ ನಿಮ್ಮ ಆಕ್ಷೇಪವನ್ನು ನಾನೂ ಎತ್ತುತ್ತೇನೆ.

ಉಕ್ಕು ಹೇರುತ್ತ ಹೋದರೆ ಏನಾಗುತ್ತದೆಂಬುದನ್ನು ಅಮೆರಿಕದ ಎಂ10 ಬುಕರ್ ತೋರಿಸಿಕೊಟ್ಟಿದೆ. ಹಗುರ ಪದಾತಿ ದಳಕ್ಕೆ ನೆರವಾಗಲೆಂದು ಹೊರಟ ಆ ವಾಹನದ ತೂಕ 38 ಟನ್ ಮುಟ್ಟಿತು. ಫೋರ್ಟ್ ಕ್ಯಾಂಪ್‌ಬೆಲ್ ನೆಲೆಯ 11 ಸೇತುವೆಗಳಲ್ಲಿ 8 ಅದರ ಭಾರ ತಾಳಲಾರವೆಂದು ಆ ಸೇನೆಯ ಅಧಿಕಾರಿಯೇ ಹೇಳಿದರು, 2025ರ ಜೂನ್‌ನಲ್ಲಿ ಯೋಜನೆ ರದ್ದಾಯಿತು. ಜೋರಾವರ್‌ಗೂ ಪ್ರತಿ ಪರೀಕ್ಷೆಯ ನಂತರ ಏನಾದರೊಂದು ಸೇರಿಸುವ ಬೇಡಿಕೆ ಬಂದೇ ಬರುತ್ತದೆ. ಆಗ ಬೇಡವೆನ್ನುವ ಗಟ್ಟಿತನ ಸೇನೆಗೂ ಅದನ್ನು ರೂಪಿಸುತ್ತಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೂ ಇರಬೇಕು.

ನನಗಿರುವ ದೊಡ್ಡ ಚಿಂತೆ ಎಂಜಿನ್ನಿನದು. ಮೊದಲು ಆರಿಸಿದ್ದ ಜರ್ಮನ್ ಎಂಜಿನ್ನಿನ ರಫ್ತು ಅನುಮತಿ ತಡವಾದ್ದರಿಂದ ಅಮೆರಿಕದ ಕಮ್ಮಿನ್ಸ್ ಎಂಜಿನ್ನಿಗೆ ಹೊರಳಬೇಕಾಯಿತು. ಗುಜರಾತಿನ ಹಜೀರಾದಲ್ಲಿ ಎಲ್ ಆಂಡ್ ಟಿ ಕಂಪನಿ ಮತ್ತು ಡಿಆರ್‌ಡಿಒ ಸೇರಿ ಶೀಘ್ರವಾಗಿ ಮಾದರಿ ಕಟ್ಟಿ 2024ರ ಜುಲೈನಲ್ಲಿ ತೋರಿಸಿದ್ದು ಮೆಚ್ಚತಕ್ಕ ಸಾಧನೆ, ಆದರೆ ಟ್ಯಾಂಕಿನ ಹೃದಯಕ್ಕೆ ಪರದೇಶದ ಸಹಿ ಬೇಕಾಗಿರುವವರೆಗೆ ಅದು ಪೂರ್ತಿ ನಮ್ಮದಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಸಾರ್ವಜನಿಕ ವಲಯದ ಬಿಇಎಂಎಲ್‌ನ ಮೈಸೂರು ಘಟಕದಲ್ಲಿ 1,500 ಅಶ್ವಶಕ್ತಿಯ ದೇಶೀಯ ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡಿ ಪರೀಕ್ಷಿಸಲಾಯಿತು. ಅದು ಭಾರಿ ಟ್ಯಾಂಕುಗಳಿಗೆ. ಅಷ್ಟೇ ಶ್ರದ್ಧೆ ಹಗುರ ಟ್ಯಾಂಕಿಗೆ ಬೇಕಾದ 800 ಅಶ್ವಶಕ್ತಿಯ ಎಂಜಿನ್ನಿಗೂ ಸಲ್ಲಬೇಕೆಂಬುದು ನನ್ನ ಒತ್ತಾಯ.

ಕೊನೆಯದಾಗಿ, ಸೇನೆಗೆ ಸೇರುವುದು ಯಾವಾಗ ಎಂದು ಕೇಳಿದ್ದೀರಿ. 2024ರಲ್ಲೇ ಮರುಭೂಮಿಯಲ್ಲಿಯೂ, ಡಿಸೆಂಬರ್‌ನಲ್ಲಿ 4,200 ಮೀಟರಿಗೂ ಎತ್ತರದಲ್ಲಿಯೂ ಗುಂಡು ಹಾರಿಸಿ ಪರೀಕ್ಷೆ ನಡೆಯಿತು. 2025ರ ಅಕ್ಟೋಬರ್‌ನಲ್ಲಿ ಅದರಿಂದ ಟ್ಯಾಂಕ್ ನಿರೋಧಕ ನಾಗ್ ಮಾರ್ಕ್-2 ಕ್ಷಿಪಣಿಯನ್ನೂ ಹಾರಿಸಲಾಯಿತು. 2027ರ ಹೊತ್ತಿಗೆ ಸೇರ್ಪಡೆಯಾಗುವ ನಿರೀಕ್ಷೆಯನ್ನು ಡಿಆರ್‌ಡಿಒ ಮುಖ್ಯಸ್ಥರು ಮಾದರಿಯ ಅನಾವರಣದಂದೇ ಹೇಳಿದ್ದರು. ಸೇನೆಯ ಚಾಲಕರೇ ಲಡಾಖಿನ ಚಳಿಗಾಲಗಳನ್ನು ಅದರಲ್ಲಿ ಕಳೆದು ಒಪ್ಪುವವರೆಗೆ ಆ ದಿನಾಂಕವನ್ನು ಹಿಡಿದು ಅವಸರ ಮಾಡಬಾರದು.

ವಂದನೆಗಳೊಂದಿಗೆ,
ಸಂಪಾದಕ