ಹತ್ತು ಕಾರ್ಡ್ ಆಗಲಿಲ್ಲವೆಂದು ಅಳಬೇಡಿ

(ದಾವಣಗೆರೆಯ ಓದುಗರೊಬ್ಬರು ಸೂಪರ್‌ಮಾರ್ಕೆಟ್‌ನಲ್ಲಿ ಕ್ಯಾಷಿಯರ್. ದಿನಕ್ಕೆ ಹತ್ತು ಮೆಂಬರ್‌ಶಿಪ್ ಕಾರ್ಡ್ ಮಾಡಿಸಲೇಬೇಕಂತೆ. ಆಗದವರ ಹೆಸರು ರಾತ್ರಿ ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ಸಂಬಳ ಹಿಡಿಯುತ್ತೇವೆ ಎಂದೂ ಹೆದರಿಸಿದ್ದಾರೆ. "ನನಗೆ ಮಾತು ಬರಲ್ಲ, ನಾನೇ ಸರಿಯಿಲ್ಲವೇನೋ" ಎಂದು ಬರೆದಿದ್ದಾರೆ.)

ತಂಗಿ, ನಿದ್ದೆಯಲ್ಲೂ "ಕಾರ್ಡ್ ಇದೆಯಾ ಮೇಡಂ" ಎಂದು ಕನವರಿಸುತ್ತೀರಿ, ಅಮ್ಮ ಎಬ್ಬಿಸುತ್ತಾರೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಸಂಕಟವಾಯಿತು.

ನಿಮಗೆ ಮಾತು ಬರಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಸಂಜೆ ಏಳು ಗಂಟೆಯ ಕೌಂಟರ್ ನೋಡಿ. ಮುಂದೆ ನಿಂತವರ ಕೈಯಲ್ಲಿ ಹಾಲಿನ ಪ್ಯಾಕೆಟ್, ಕೊತ್ತಂಬರಿ ಕಟ್ಟು. ಕಂಕುಳಲ್ಲಿ ಅಳುವ ಮಗು. ಹಿಂದೆ ಎಂಟು ಜನ. ಬೇಗ ಬಿಲ್ ಮಾಡಿ ಎನ್ನುವ ಮ್ಯಾನೇಜರೇ ಒಬ್ಬೊಬ್ಬರಿಗೂ ಕಾರ್ಡಿನ ಕಥೆ ಹೇಳಿ ಎಂದರೆ ಹೇಗೆ? ಎಷ್ಟೇ ಮಾತುಗಾರರಾದರೂ ಅಲ್ಲಿ ಸೋಲುತ್ತಾರೆ.

ಸಂಬಳದ ವಿಷಯ ಸರಿಯಾಗಿ ತಿಳಿದುಕೊಳ್ಳಿ. ಏನೇನಕ್ಕೆ ಸಂಬಳ ಹಿಡಿಯಬಹುದು ಎಂಬ ಪಟ್ಟಿ 2019ರ ವೇತನ ಸಂಹಿತೆಯಲ್ಲಿದೆ. ರಜೆ ಹೇಳದೆ ತಪ್ಪಿಸಿದ ದಿನ, ಪಿಎಫ್, ತೆಗೆದುಕೊಂಡ ಅಡ್ವಾನ್ಸ್, ಹೀಗೆ. ನಿಮ್ಮ ಅಜಾಗ್ರತೆಯಿಂದ ಗಲ್ಲಾದಲ್ಲಿ ಹಣ ಕಡಿಮೆ ಬಂದರೂ ಹಿಡಿಯಬಹುದು, ಆದರೆ ಮೊದಲು ನಿಮ್ಮ ಮಾತು ಕೇಳಬೇಕು. ಟಾರ್ಗೆಟ್ ಮುಟ್ಟಲಿಲ್ಲ ಎಂಬ ಕಾರಣ ಆ ಪಟ್ಟಿಯಲ್ಲಿಲ್ಲ. ಇನ್ಸೆಂಟಿವ್ ಕೊಡದಿರಬಹುದು, ಅದು ಬೇರೆ ಮಾತು. ಗ್ರೂಪಿನ ಮೆಸೇಜ್‌ಗಳನ್ನು ಅಳಿಸಬೇಡಿ. ಸಂಬಳ ಹಿಡಿದರೆ ಸ್ಯಾಲರಿ ಸ್ಲಿಪ್ ಜೊತೆ ಕಾರ್ಮಿಕ ಇಲಾಖೆಗೆ ಹೋಗಿ.

ಫೋನ್ ನಂಬರ್ ಕೊಡಲ್ಲ ಅಂದವರ ಹತ್ತಿರ ಬೈಸಿಕೊಳ್ಳುವುದೂ ಬೇಡ. ನಂಬರಿಗೆ ಒತ್ತಾಯ ಮಾಡಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮೇ 2023ರಲ್ಲೇ ಅಂಗಡಿಗಳಿಗೆ ತಿಳಿಸಿದೆ. ಸುಮ್ನೆ ಬಿಲ್ ಮಾಡಿ ಕಳಿಸಿ.

ಇನ್ನೊಂದು. ಮಧ್ಯಾಹ್ನ ಊಟಕ್ಕೆ ಹದಿನೈದು ನಿಮಿಷ ಅಂದಿರಿ. ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆ ಪ್ರಕಾರ ಐದು ಗಂಟೆಗಿಂತ ಜಾಸ್ತಿ ಒಂದೇ ಸಮನೆ ದುಡಿಸುವಂತಿಲ್ಲ, ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ಅದು ನಿಮ್ಮ ಹಕ್ಕು.

ಒಬ್ಬರೇ ಕೇಳಲು ಭಯ ಅಲ್ವಾ? ಕೋಝಿಕ್ಕೋಡ್‌ನ ಮಿಠಾಯಿ ಬೀದಿಯಲ್ಲಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳಿಗೆ ಕೂರಲೂ ಬಿಡುತ್ತಿರಲಿಲ್ಲ. ಅವರು ಒಟ್ಟಾಗಿ ಕೇಳಿದರು. 2018ರಲ್ಲಿ ಕೇರಳದ ಕಾನೂನೇ ಬದಲಾಯಿತು. ಪಕ್ಕದ ಕೌಂಟರ್‌ನವರಿಗೂ ಹತ್ತು ಕಾರ್ಡ್ ಆಗಿರುವುದಿಲ್ಲ. ನಾಳೆ ಊಟದ ಹೊತ್ತಲ್ಲಿ ಅವರನ್ನು ಮೊದಲು ಮಾತಾಡಿಸಿ. ಗ್ರೂಪಿನಲ್ಲಿ ಹೆಸರು ಹಾಕಬೇಡಿ, ಸಾಲು ಉದ್ದ ಇದ್ದಾಗ ಕಾರ್ಡ್ ಕೇಳಿಸಬೇಡಿ. ಈ ಎರಡನ್ನು ಇಬ್ಬರೂ ಸೇರಿ ಮ್ಯಾನೇಜರ್‌ಗೆ ಹೇಳಿ. ಏನಂದರು ಅಂತ ನನಗೆ ಬರೆಯಿರಿ.