ಪಂಪು ನಿಂತ ಮೇಲಿನ ಕತೆ ಎಲ್ಲಿ?

ನಮಸ್ಕಾರ.

ನಿಮ್ಮ ‘ಭೂತಾಯಿಯ ಮುನಿಸು’ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ಡೆನ್ವರ್ ಬಳಿ ಸೇನೆಯವರು ಶಸ್ತ್ರಾಗಾರದ ರಾಸಾಯನಿಕ ತ್ಯಾಜ್ಯವನ್ನು ಆಳದ ಬಾವಿಗೆ ಪಂಪ್ ಮಾಡಿ ಭೂಕಂಪ ತಂದುಕೊಂಡ ಪ್ರಸಂಗವನ್ನು ಕನ್ನಡಕ್ಕೆ ತರಬೇಕೆನ್ನುವ ನಿಮ್ಮ ಆಸೆ ನನಗೆ ಬಹಳ ಹಿಡಿಸಿತು. ಆದರೆ ಈಗಿರುವಂತೆ ಪ್ರಕಟಿಸಲಾರೆ.

ಮೊದಲ ಎರಡು ಪುಟ ತೆಗೆದುಬಿಡಿ. ಭೂಮಿ ಮುನಿದು ಸೇಡು ತೀರಿಸಿಕೊಂಡಳು ಎಂದ ಕೂಡಲೇ ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಮುಂದೆ ‘ದ್ರವ ಎಣ್ಣೆಯಂತೆ ಸವರಿ ಬಂಡೆ ಜಾರಿತು’ ಎಂದಿದ್ದೀರಿ. ಇದು ತಪ್ಪು. ಒಂದರ ಮೇಲೊಂದು ಕೂತ ಎರಡು ಕಲ್ಲುಚಪ್ಪಡಿ ನೆನೆಸಿಕೊಳ್ಳಿ. ಮೇಲಿನದನ್ನು ಎಷ್ಟು ನೂಕಿದರೂ ಕದಲದು, ಅದರ ಭಾರವೇ ಹಿಡಿದಿಟ್ಟಿರುತ್ತದೆ. ಅಡಿಗೆ ಹಾರೆ ಕೊಟ್ಟು ಒಂದಿಷ್ಟು ಮೀಟಿ, ಅದೇ ನೂಕಿಗೆ ಸರಿಯುತ್ತದೆ. ಸ್ತರಭಂಗದಲ್ಲಿ, ಎಂದರೆ ನೆಲದಾಳದ ಬಂಡೆ ಸೀಳಿ ಎರಡು ಬದಿಗಳೂ ಸರಿದಾಡಬಲ್ಲ ಬಿರುಕಿನಲ್ಲಿ, ಹಾರೆಯ ಕೆಲಸ ಮಾಡುವುದು ಬಂಡೆಯ ಸಂದುಗಳಲ್ಲಿ ತುಂಬಿದ ದ್ರವದ ಒತ್ತಡ. ನೂಕುವ ಬಲವಂತೂ ಮೊದಲೇ ಅಲ್ಲಿ ಕೂಡಿಕೊಂಡಿತ್ತು.

ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿಗೆ ನೀವು ಒಂದೇ ಸಾಲು ಕೊಟ್ಟಿದ್ದೀರಿ. ನನಗೆ ಬೇಸರವಾಯಿತು. ಬಾವಿಯ ಆಳ 3,600 ಮೀಟರಿಗೂ ಹೆಚ್ಚು. 1962ರ ಮಾರ್ಚಿನಲ್ಲಿ ಪಂಪ್ ಮಾಡತೊಡಗಿದರು, ಏಪ್ರಿಲಿನಲ್ಲಿ ಕಂಪನ ಶುರು. ತಿಂಗಳು ತಿಂಗಳು ಒಳಗೆ ಹೋದ ದ್ರವವೆಷ್ಟು, ಆದ ಕಂಪನಗಳೆಷ್ಟು ಎಂದು ಆತ ಜೋಡಿಸಿ ನೋಡಿದ. ನಡುವೆ ಪಂಪು ನಿಂತಿದ್ದ ತಿಂಗಳುಗಳಲ್ಲಿ ಕಂಪನಗಳೂ ಇಳಿದಿದ್ದವು. 1965ರ ನವೆಂಬರಿನಲ್ಲಿ ಇದನ್ನು ಎಲ್ಲರೆದುರು ಇಟ್ಟ. ಓದುಗರಿಗೂ ಆ ಎರಡು ಲೆಕ್ಕವನ್ನು ಅಕ್ಕಪಕ್ಕ ತೋರಿಸಿ.

‘1966ರ ಫೆಬ್ರವರಿಯಲ್ಲಿ ಪಂಪ್ ಮಾಡುವುದನ್ನು ನಿಲ್ಲಿಸಿದರು, ನೆಲ ತಣ್ಣಗಾಯಿತು’ ಎಂದು ಮುಗಿಸಿದ್ದೀರಲ್ಲ, ನನ್ನ ದೊಡ್ಡ ತಕರಾರು ಅದೇ. ನೆಲ ತಣ್ಣಗಾಗಲಿಲ್ಲ. ಅಲ್ಲಿನ ಅತಿ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ. ಬಾವಿಯ ಬುಡದಲ್ಲಿ ಒತ್ತಡ ಇಳಿಯುತ್ತಿದ್ದರೂ, ಆಗಲೇ ಒಳಹೊಕ್ಕ ಒತ್ತಡ ಬಿರುಕುಗಳ ಗುಂಟ ನಿಧಾನವಾಗಿ ದೂರದೂರಕ್ಕೆ ಹಬ್ಬುತ್ತಲೇ ಇತ್ತು. ಸ್ವಿಚ್ ಆರಿಸಿದರೂ ಕೈಮೀರಿದ್ದು ಕೈಮೀರಿತ್ತು. ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದವರ ಕಣ್ಣಿನಿಂದ ಇದನ್ನು ನೋಡಿ.

ಮಹಾರಾಷ್ಟ್ರದ ಕೊಯ್ನಾವನ್ನೂ ಇದೇ ಸಾಲಿಗೆ ಸೇರಿಸಿದ್ದೀರಿ. 1967ರ ಡಿಸೆಂಬರಿನ ಆ ಭೂಕಂಪಕ್ಕೆ ಅಣೆಕಟ್ಟೆಯ ಜಲಾಶಯ ಕಾರಣವೆನ್ನುತ್ತಾರೆ, ಅಲ್ಲಿ ಯಾರೂ ಬಾವಿಗೆ ಪಂಪ್ ಮಾಡಿರಲಿಲ್ಲ. ದಾಯಾದಿ ಸಂಬಂಧ ಇದೆ, ಆದರೆ ಅದಕ್ಕೆ ಬೇರೆಯದೇ ಲೇಖನ ಬೇಕು. ಬದಲಿಗೆ ಡೆನ್ವರ್ ಇರುವ ಕೊಲರಾಡೊ ರಾಜ್ಯದ್ದೇ ರೇಂಜ್ಲಿ ತೈಲಕ್ಷೇತ್ರ ತನ್ನಿ. 1969ರಿಂದ ಕೆಲ ವರ್ಷ ವಿಜ್ಞಾನಿಗಳು ಅಲ್ಲಿ ಒತ್ತಡವನ್ನು ಬೇಕೆಂದೇ ಏರಿಸಿ ಇಳಿಸಿ, ಕಂಪನಗಳೂ ಅದರಂತೆ ಏರಿಳಿಯುವುದನ್ನು ಕಂಡರು.

ಭಾಷೆ ನಿಮಗೆ ಒಲಿದಿದೆ, ಅದರ ಬಗ್ಗೆ ನನಗೆ ಚಿಂತೆಯಿಲ್ಲ. ತಿದ್ದುವಾಗ 1967ರ ಆಗಸ್ಟ್ 9ರ ಕಂಪನದಿಂದ ಶುರುಮಾಡಿ ನೋಡಿ. ಪಂಪು ನಿಂತು ಆಗಲೇ ಸುಮಾರು ಒಂದೂವರೆ ವರ್ಷವಾಗಿತ್ತು. ಹೊಸ ಪ್ರತಿಗೆ ಕಾಯುತ್ತಿರುತ್ತೇನೆ.